ದಿನದ ಓಡಾಟಕ್ಕೆ ಯಾವ ಸೈಕಲ್? ಮೊದಲು ಟೈರು ನೋಡಿ

ಪ್ರಶ್ನೆ: ನನಗೆ 42 ವರ್ಷ. ಮನೆಯಿಂದ ಕಚೇರಿ 7 ಕಿ.ಮೀ. ದೂರದಲ್ಲಿದೆ. ಇನ್ನು ಮುಂದೆ ಸೈಕಲ್ಲಿನಲ್ಲೇ ಹೋಗಿಬರಬೇಕೆಂದು ನಿರ್ಧರಿಸಿದ್ದೇನೆ. ದಾರಿ ಬಹುಮಟ್ಟಿಗೆ ಡಾಂಬರು. ನಡುವೆ ಅರ್ಧ ಕಿಲೋಮೀಟರ್ ಕಿತ್ತುಹೋದ ರಸ್ತೆ, ಆಮೇಲೆ ಒಂದು ಉದ್ದನೆಯ ಏರು. ದಿನವೂ ಲ್ಯಾಪ್‌ಟಾಪ್ ಚೀಲ ಇರುತ್ತದೆ, ವಾರಕ್ಕೆರಡು ಸಲ ಮನೆಸಾಮಾನು ತರಬೇಕು. ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಸೈಕಲ್ ತುಳಿದು ಇಪ್ಪತ್ತು ವರ್ಷವಾಯಿತು. ಅಂಗಡಿಯವರು ‘ಎಂಟಿಬಿ (ಮೌಂಟನ್ ಬೈಕ್) ತೆಗೆದುಕೊಳ್ಳಿ, ಎಲ್ಲ ರಸ್ತೆಗೂ ಆಗುತ್ತದೆ’ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ರೋಡ್ ಬೈಕೇ ಸರಿ ಎನ್ನುತ್ತಾರೆ. ಹೈಬ್ರಿಡ್, ಗ್ರಾವೆಲ್, ಸಿಟಿ ಬೈಕ್ ಎಂದೆಲ್ಲ ಓದಿ ಗೊಂದಲ ಇನ್ನೂ ಹೆಚ್ಚಾಗಿದೆ. ಯಾವುದು ಸರಿ?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರಲ್ಲಿ ಒಬ್ಬರು ತಮ್ಮ ಅಂಗಡಿಯಲ್ಲಿ ಇರುವುದನ್ನು ಹೇಳಿದ್ದಾರೆ, ಇನ್ನೊಬ್ಬರು ತಮಗೆ ಇಷ್ಟವಾದದ್ದನ್ನು ಹೇಳಿದ್ದಾರೆ. ಕಿತ್ತುಹೋದ ಆ ಅರ್ಧ ಕಿಲೋಮೀಟರಿನ ಬಗ್ಗೆಯಾಗಲಿ, ಎರಡನೇ ಮಹಡಿಯ ಮೆಟ್ಟಿಲಿನ ಬಗ್ಗೆಯಾಗಲಿ ಇಬ್ಬರೂ ಕೇಳಿದಂತಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಹೆಸರುಗಳನ್ನು ಸದ್ಯಕ್ಕೆ ಮರೆತುಬಿಡಿ. ಒಬ್ಬ ತಯಾರಕ ಹೈಬ್ರಿಡ್ ಎಂದು ಕರೆದದ್ದನ್ನು ಇನ್ನೊಬ್ಬ ಸಿಟಿ ಬೈಕ್ ಎನ್ನುತ್ತಾನೆ, ಮತ್ತೊಬ್ಬ ಫಿಟ್‌ನೆಸ್ ಬೈಕ್ ಎನ್ನುತ್ತಾನೆ. ಸೈಕಲ್ಲಿನಲ್ಲಿ ಸುಳ್ಳು ಹೇಳದ ಭಾಗವೆಂದರೆ ಟೈರು. ಬಗ್ಗಿ ಅದರ ಪಕ್ಕ ನೋಡಿದರೆ 37-622 ಎಂಬಂಥ ಒಂದು ಸಂಖ್ಯೆ ಉಬ್ಬಿಕೊಂಡಿರುತ್ತದೆ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಇಂಚಿನ ಲೆಕ್ಕವನ್ನು ನಂಬಿ ಕೆಟ್ಟವರು ಬಹಳ ಜನ. ರೋಡ್ ಬೈಕಿನ 700ಸಿ ಮತ್ತು ಎಂಟಿಬಿಯ 29 ಇಂಚು, ಎರಡೂ ಒಂದೇ 622. ಆದರೆ 28 ಇಂಚು ಎಂದು ಬರೆದ ಟೈರು 622 ಆಗಿರಬಹುದು, ಹಳೆಯ ಕಾಲದ 635 ಕೂಡ ಆಗಿರಬಹುದು. ಹದಿಮೂರು ಮಿಲಿಮೀಟರ್ ವ್ಯತ್ಯಾಸ ಸಾಕು, ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಮುಂದೆ ಬಿಡಿಭಾಗ ಕೊಳ್ಳುವಾಗ ಈ ಜೋಡಿ ಸಂಖ್ಯೆಯನ್ನೇ ಕೇಳಿ.

ಅಗಲ ಎಷ್ಟಿರಬೇಕು? ನಿಮ್ಮ ದಾರಿಯ ಅತ್ಯಂತ ಕೆಟ್ಟ ತುಂಡನ್ನು ನೋಡಿ ಅದನ್ನು ತೀರ್ಮಾನಿಸಬೇಕು. ಆರೂವರೆ ಕಿಲೋಮೀಟರ್ ನುಣುಪಾಗಿದೆ ಎಂದು ತೆಳ್ಳಗಿನ ಟೈರು ಹಾಕಿದರೆ ಉಳಿದ ಅರ್ಧ ಕಿಲೋಮೀಟರು ದಿನಕ್ಕೆರಡು ಸಲ ಅದನ್ನು ನೆನಪಿಸುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಹೋಗಲೆಂದು ನಾನು ಕೊಂಡ ಮೊದಲ ಒಳ್ಳೆಯ ಸೈಕಲ್ ರೋಡ್ ಬೈಕ್, ಟೈರು 23 ಮಿ.ಮೀ. ಬೆಣ್ಣೆಯಂತೆ ಓಡುತ್ತಿತ್ತು. ಮೂರನೇ ವಾರ ಒಂದು ಗುಂಡಿಯ ಅಂಚಿಗೆ ಹಿಂದಿನ ಚಕ್ರ ಬಡಿಯಿತು, ಗಾಳಿ ಬುಸ್ಸೆಂದಿತು. ಟ್ಯೂಬು ತೆಗೆದು ನೋಡಿದರೆ ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನಂತೆ. ಮೊಳೆ ಚುಚ್ಚಿ ಆದದ್ದಲ್ಲ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿದ್ದು. ಟೈರಿನೊಳಗೆ ಗಾಳಿಯ ಜಾಗವೇ ಕಡಿಮೆ ಇದ್ದಾಗ ಹೀಗಾಗುತ್ತದೆ. ಆ ವರ್ಷ ನನಗೆ ಪಂಕ್ಚರ್ ಹಾಕುವುದು ಚೆನ್ನಾಗಿ ಅಭ್ಯಾಸವಾಯಿತು. ಆ ಫ್ರೇಮಿನಲ್ಲಿ ಅದಕ್ಕಿಂತ ಅಗಲದ ಟೈರಿಗೆ ಜಾಗವೂ ಇರಲಿಲ್ಲ. ಕೊನೆಗೆ ಮಾರಿದೆ.

ತೆಳ್ಳಗಿದ್ದರೆ ವೇಗ, ಅಗಲವಿದ್ದರೆ ಭಾರ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಒಂದೇ ಗಾಳಿಯ ಒತ್ತಡದಲ್ಲಿ ಅಗಲ ಟೈರು ನೆಲವನ್ನು ಅಗಲವಾಗಿ, ಆದರೆ ಗಿಡ್ಡಗೆ ಮುಟ್ಟುತ್ತದೆ. ಚಪ್ಪಟೆಯಾಗುವುದು ಕಡಿಮೆ, ಆದ್ದರಿಂದ ಶಕ್ತಿ ನಷ್ಟವಾಗುವುದೂ ಕಡಿಮೆ. ಅಲ್ಲದೆ ಒರಟು ರಸ್ತೆಯಲ್ಲಿ ಬಿಗಿ ಟೈರು ಪ್ರತಿ ಹರಳಿಗೂ ಪುಟಿದು ಸೈಕಲ್ಲನ್ನೂ ನಿಮ್ಮನ್ನೂ ಮೇಲಕ್ಕೆತ್ತುತ್ತದೆ. ಹಾಗೆ ಎತ್ತಲು ಖರ್ಚಾಗುವುದು ನಿಮ್ಮ ಕಾಲಿನ ಶಕ್ತಿಯೇ. ಟೈರನ್ನು ನಿಜಕ್ಕೂ ಭಾರವಾಗಿಸುವುದು ಎಂಟಿಬಿಯ ಆ ದಪ್ಪ ಗುಬ್ಬೆಗಳು. ಡಾಂಬರಿನ ಮೇಲೆ ಗುಂಯ್‌ಗುಡುತ್ತ ಬಾಗುತ್ತ ಶಕ್ತಿ ನುಂಗುತ್ತವೆ. ಅಗಲ ಬೇಕು, ಗುಬ್ಬೆ ಬೇಡ. ನಿಮ್ಮ ದಾರಿಗೆ 38ರಿಂದ 42 ಮಿ.ಮೀ., ಮೇಲ್ಮೈ ನುಣುಪಾಗಿರುವ ಟೈರು. ಗಾಳಿ 50 ಪಿಎಸ್‌ಐ ಆಸುಪಾಸಿನಲ್ಲಿ ಶುರು ಮಾಡಿ, ನಿಮ್ಮ ತೂಕ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಟೈರಿನ ಮೇಲೆ ಬರೆದ ಮಿತಿಯನ್ನು ಮಾತ್ರ ದಾಟಬೇಡಿ.

ಇಷ್ಟು ತೀರ್ಮಾನವಾದರೆ ಅರ್ಧ ಅಂಗಡಿ ಖಾಲಿಯಾದಂತೆ. 28 ಮಿ.ಮೀ.ಗಿಂತ ಅಗಲದ ಟೈರು ಹಿಡಿಸದ ರೋಡ್ ಬೈಕುಗಳು ಪಟ್ಟಿಯಿಂದ ಹೊರಗೆ. ಅವು ಕೆಟ್ಟವು ಎಂದಲ್ಲ. ವಾರಾಂತ್ಯದಲ್ಲಿ ಕೈ ಬೀಸಿಕೊಂಡು ಎಂಬತ್ತು ಕಿಲೋಮೀಟರ್ ಹೋಗುವವರಿಗೆ ಅವಕ್ಕಿಂತ ಸುಖ ಬೇರೆಯಿಲ್ಲ. ಬಗ್ಗಿ ಕೂತಾಗ ಎದುರುಗಾಳಿಯ ತಡೆ ಕಡಿಮೆಯಾಗುವುದು ನಿಜ, ಆದರೆ ಅದರ ಬೆಲೆ ತಿಳಿಯುವುದು ವೇಗದಲ್ಲಿ. ಗಂಟೆಗೆ 18 ಕಿ.ಮೀ.ಯಿಂದ 27ಕ್ಕೆ ಏರಿದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ನೀವು ಹದಿನೆಂಟರಲ್ಲಿ ಹೋದರೆ 7 ಕಿ.ಮೀ.ಗೆ 23 ನಿಮಿಷ, ಇಪ್ಪತ್ತೆರಡರಲ್ಲಿ ಹೋದರೆ 19. ಆ ನಾಲ್ಕು ನಿಮಿಷ ಒಂದು ಸಿಗ್ನಲ್ಲಿನಲ್ಲಿ, ಕಚೇರಿಗೆ ಬಂದು ಬೆವರು ಒರೆಸಿಕೊಳ್ಳುವುದರಲ್ಲಿ ಕಳೆದುಹೋಗುತ್ತದೆ. ಅದಕ್ಕಿಂತ ತಲೆ ಎತ್ತಿ ಸುತ್ತಲಿನ ವಾಹನಗಳನ್ನು ನೋಡುವಂತೆ ಕೂರುವುದು ಮೇಲು.

ಇನ್ನು ಅಂಗಡಿಯವರ ಎಂಟಿಬಿ. ನಿಜವಾದ ಎಂಟಿಬಿ ಕಾಡುಹಾದಿಗೆ ಮಾಡಿದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ವೇಷ ತೊಟ್ಟ ಅಗ್ಗದ ಸೈಕಲ್ಲುಗಳ ಬಗ್ಗೆ, ಅದರಲ್ಲೂ ಮುಂದಿನ ಸಸ್ಪೆನ್ಷನ್ ಫೋರ್ಕಿನ ಬಗ್ಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ, ಕುಲುಕಾಟ ತಡೆಯಲು ಸ್ಪ್ರಿಂಗು ಹಾಕಿದ ಕವೆಯ ಬಗ್ಗೆ. ಹೊರಗೆ ಥಳಕು, ಒಳಗೆ ಹುಳುಕು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು, ಎರಡೂ ಕೈಯಿಂದ ಹ್ಯಾಂಡಲ್ಲನ್ನು ಒಮ್ಮೆಲೇ ಅದುಮಿ ಬಿಡಿ. ಒಳ್ಳೆಯ ಫೋರ್ಕ್ ಕೆಳಗಿಳಿದು ನಿಧಾನವಾಗಿ, ಒಂದೇ ಸಲ ಮೇಲೆ ಬಂದು ನಿಲ್ಲುತ್ತದೆ. ಅಗ್ಗದ್ದು ಬರಿ ಸ್ಪ್ರಿಂಗು; ಟಣ್ಣೆಂದು ಪುಟಿಯುತ್ತದೆ, ಕೆಲವು ಅಲುಗುವುದೇ ಇಲ್ಲ. ಬ್ರೇಕ್ ಹಿಡಿದಂತೆಯೇ ಸೈಕಲ್ಲನ್ನು ಹಿಂದೆ ಮುಂದೆ ನೂಕಿದರೆ ಫೋರ್ಕಿನ ಕಾಲುಗಳ ಮಧ್ಯೆ ಟಕ್ ಟಕ್ ಎಂಬ ಸಡಿಲು ಕೈಗೆ ತಿಳಿಯುತ್ತದೆ. ಹೊಸ ಸೈಕಲ್ಲಿನಲ್ಲೇ ಹೀಗಿದ್ದರೆ ಎರಡು ಮಳೆಗಾಲ ಕಳೆದ ಮೇಲೆ ಒಳಗೆ ತುಕ್ಕು ಹಿಡಿದು ಅದು ಬರಿ ಭಾರದ ಕಬ್ಬಿಣ. ಸಾದಾ ಫೋರ್ಕಿಗಿಂತ ಒಂದೂವರೆ ಕಿಲೋದಷ್ಟು ಹೆಚ್ಚು ತೂಕವನ್ನು ಇದಕ್ಕಾಗಿ ಹೊರಬೇಕು. ಏರಿನಲ್ಲಿ ಎದ್ದು ನಿಂತು ತುಳಿದಾಗ ಅದು ಮೇಲೆ ಕೆಳಗೆ ಕುಣಿಯುತ್ತದೆ, ತುಳಿತದ ಒಂದು ಪಾಲು ಆ ಕುಣಿತಕ್ಕೇ ಹೋಗುತ್ತದೆ. ಹಿಂದೆಯೂ ಶಾಕ್ ಇರುವ ಅಗ್ಗದ ಸೈಕಲ್ಲಿನ ಕಡೆ ತಿರುಗಿಯೂ ನೋಡಬೇಡಿ.

ಕುಲುಕಾಟಕ್ಕೆ ಪರಿಹಾರವಾಗಿಯೇ ಹುಟ್ಟಿದ್ದು ಗಾಳಿ ತುಂಬಿದ ಟೈರು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮೊದಲು ಕಟ್ಟಿದ್ದು ಮಗನ ಮೂರುಚಕ್ರದ ಸೈಕಲ್ಲಿಗೆ. 1888ರಲ್ಲಿ ಪೇಟೆಂಟ್ ಪಡೆದ. ಕಿತ್ತುಹೋದ ಅರ್ಧ ಕಿಲೋಮೀಟರಿಗೆ ನಿಮಗೆ ಬೇಕಾದ ಸಸ್ಪೆನ್ಷನ್ ಅಷ್ಟೇ.

ಟೈರು ಆಯಿತು. ಎರಡನೆಯದಾಗಿ ತೂತು ಎಣಿಸಿ. ತಮಾಷೆಯಲ್ಲ. ಹಿಂದಿನ ಚಕ್ರದ ಆಕ್ಸಲ್ ಬಳಿ ಫ್ರೇಮಿನ ಎರಡೂ ಕಡೆ ಬೋಲ್ಟ್ ಕೂರುವ ಸಣ್ಣ ತೂತುಗಳಿವೆಯೇ? ಸೀಟಿನ ಕೆಳಗೆ, ಹಿಂದಿನ ಕೊಳವೆಗಳ ಮೇಲ್ತುದಿಯಲ್ಲಿ? ಮುಂದಿನ ಫೋರ್ಕಿನ ತುದಿಯಲ್ಲಿ? ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರುವುದು ಇವುಗಳ ಮೇಲೆ. ತೂತಿಲ್ಲದಿದ್ದರೆ ಕ್ಲಿಪ್ಪು ಹಾಕಿ, ಪಟ್ಟಿ ಬಿಗಿದು ಹೇಗೋ ಕಟ್ಟಬಹುದು. ಆರು ತಿಂಗಳಲ್ಲಿ ಎಲ್ಲ ಗಲಗಲ. ಮಡ್‌ಗಾರ್ಡ್ ಇಲ್ಲದ ಸೈಕಲ್ ಒದ್ದೆ ರಸ್ತೆಯಲ್ಲಿ ಹೋದರೆ ಬೆನ್ನಿನ ಮಧ್ಯದಲ್ಲಿ ನೇರವಾಗಿ ಕೆಸರಿನ ಗೆರೆ ಎಳೆಯುತ್ತದೆ. ಕಚೇರಿಯಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರೂ ನೋಡುತ್ತಾರೆ.

ಲ್ಯಾಪ್‌ಟಾಪ್ ಬೆನ್ನಿನಿಂದ ಇಳಿಯಲೇಬೇಕು. ಚೀಲದ ಕೆಳಗೆ ಬೆವರು ಆರುವುದಿಲ್ಲ, ಭಾರವೆಲ್ಲ ಸೀಟಿನ ಮೇಲೆ ಮತ್ತು ಅಂಗೈ ಮೇಲೆ ಬೀಳುತ್ತದೆ. ಕ್ಯಾರಿಯರಿನ ಪಕ್ಕಕ್ಕೆ ತಗುಲಿಸುವ ಚೀಲ ತೆಗೆದುಕೊಳ್ಳಿ. ಆದರೆ ಕೊಳ್ಳುವ ಮೊದಲು ಚೀಲ ಹಾಕಿಸಿ ಪೆಡಲ್ ತಿರುಗಿಸಿ ನೋಡಿ. ಹಿಂದಿನ ಚಕ್ರ ಸೀಟಿಗೆ ತೀರ ಹತ್ತಿರವಿರುವ ಫ್ರೇಮುಗಳಲ್ಲಿ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ಒದೆಯುತ್ತದೆ. ಡಿಸ್ಕ್ ಬ್ರೇಕಿನ ಯಂತ್ರ ಹೊರಕ್ಕೆ ಚಾಚಿಕೊಂಡಿರುವ ಕಡೆ ಎಲ್ಲ ಕ್ಯಾರಿಯರೂ ಕೂರುವುದಿಲ್ಲ, ಅದನ್ನೂ ಜೊತೆಯಲ್ಲೇ ನೋಡಿಬಿಡಿ.

ಏರಿನ ವಿಷಯಕ್ಕೆ ಬರೋಣ. ಗೇರಿನ ಸಂಖ್ಯೆ ಹೇಳಿ ಮಾರುವವರ ಮಾತಿಗೆ ಬೀಳಬೇಡಿ. ಮುಂದೆ 3, ಹಿಂದೆ 7 ಸೇರಿ 21 ಎನ್ನುತ್ತಾರೆ. ಅದರಲ್ಲಿ ಹಲವು ಒಂದರ ಮೇಲೊಂದು ಬೀಳುತ್ತವೆ, ಕೆಲವು ಚೈನನ್ನು ಓರೆಯಾಗಿ ಎಳೆಯುವುದರಿಂದ ಬಳಸಲೇಬಾರದು. ನೋಡಬೇಕಾದದ್ದು ಅತಿ ಹಗುರ ಗೇರು ಎಷ್ಟು ಹಗುರ ಎಂಬುದು. ಮೇಲೆ ಹೇಳಿದ ಅಗಲದ ಟೈರು ಹಾಕಿದ 622ರ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಮುಂದೆ 42 ಹಲ್ಲು, ಹಿಂದೆ 18 ಹಲ್ಲು ಇರುವ ಗೇರಿಲ್ಲದ ಸೈಕಲ್ಲಿನಲ್ಲಿ ಪೆಡಲಿನ ಒಂದು ಸುತ್ತಿಗೆ 5 ಮೀಟರಿಗಿಂತ ತುಸು ಹೆಚ್ಚು ಹೋಗುತ್ತೀರಿ. ಸಮತಟ್ಟಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 21 ಕಿ.ಮೀ. ದಾಟುತ್ತದೆ, ಚೆನ್ನಾಗಿದೆ. ಅದೇ ಸೈಕಲ್ ಏರಿನಲ್ಲಿ ಗಂಟೆಗೆ 8 ಕಿ.ಮೀ.ಗೆ ಇಳಿದಾಗ ಕಾಲು ತಿರುಗುವುದು ನಿಮಿಷಕ್ಕೆ 26 ಸುತ್ತು ಮಾತ್ರ. ಅಷ್ಟು ನಿಧಾನದ ತುಳಿತ ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಇಪ್ಪತ್ತು ವರ್ಷ ಬಿಟ್ಟವರ ಮಂಡಿ ಇದನ್ನು ಒಂದು ವಾರ ಸಹಿಸುತ್ತದೆ. ಮುಂದಿನ ಹಲ್ಲೂ ಹಿಂದಿನ ದೊಡ್ಡ ಹಲ್ಲುಚಕ್ರವೂ ಹೆಚ್ಚುಕಡಿಮೆ ಸಮವಾಗಿರುವ ಗೇರು ಒಂದಿದ್ದರೆ, ಉದಾಹರಣೆಗೆ ಮುಂದೆ 36, ಹಿಂದೆ 34, ಅದೇ ವೇಗದಲ್ಲಿ ನಿಮಿಷಕ್ಕೆ 57 ಸುತ್ತು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 8 ಅಥವಾ 9, ದೊಡ್ಡದು 34 ಅಥವಾ ಅದಕ್ಕಿಂತ ಹೆಚ್ಚು: ನಿಮಗೆ ಇಷ್ಟು ಸಾಕು, ಕೆಡುವ ಭಾಗವೂ ಕಡಿಮೆ.

ಏರೇ ಇಲ್ಲದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ: ಹಿಂದಿನ ಹಬ್ಬಿನ, ಅಂದರೆ ಚಕ್ರದ ನಡುವಿನ ಗುಂಬದ, ಒಳಗೇ ಗೇರು ಅಡಗಿರುವ ಸೈಕಲ್. ಮೂರು ಗೇರಿನ ಹಬ್ಬು ಕಳೆದ ಶತಮಾನದ ಮೊದಲ ದಶಕದಿಂದಲೂ ಇದೆ, ಈಗಲೂ ಅದಕ್ಕೆ ಸಾಟಿಯಾದ ನೆಮ್ಮದಿಯ ಯಂತ್ರ ಕಡಿಮೆ. ನಿಂತಲ್ಲೇ ಗೇರು ಬದಲಿಸಬಹುದು, ಚೈನಿಗೆ ಪೂರ್ತಿ ಕವರ್ ಹಾಕಬಹುದು, ಪ್ಯಾಂಟಿಗೆ ಎಣ್ಣೆ ಹತ್ತುವುದಿಲ್ಲ. ಅದರ ಹಗುರ ಗೇರು ನಡುವಿನ ನೇರ ಗೇರಿನ ಮುಕ್ಕಾಲು ಭಾಗ. ಸಣ್ಣ ಏರಿಗೆ ಸಾಕು, ನಿಮ್ಮ ಉದ್ದನೆಯ ಏರಿಗೆ ಸಾಲದು. ಏಳೆಂಟು ಗೇರಿನ ಹಬ್ಬು ಸಾಕಾದೀತು, ಆದರೆ ಭಾರ, ಮತ್ತು ಬಿಚ್ಚಿ ಸರಿಮಾಡುವವರು ಹತ್ತಿರದಲ್ಲಿ ಇರಬೇಕು.

ಭಾರದ ಬಗ್ಗೆ ಜನ ತಪ್ಪು ಜಾಗದಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ನೀವು, ಸೈಕಲ್, ಚೀಲ ಸೇರಿ 95 ಕಿಲೋ ಎಂದುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಈ ಭಾರವನ್ನು ಮೇಲೆತ್ತಲು ಸುಮಾರು 130 ವ್ಯಾಟ್ ಬೇಕು. ಸೈಕಲ್ ಎರಡು ಕಿಲೋ ಹಗುರವಾದರೆ ಉಳಿಯುವುದು ಮೂರು ವ್ಯಾಟಿಗಿಂತ ಕಡಿಮೆ. ರಸ್ತೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಮೆಟ್ಟಿಲಲ್ಲಿ ಮಾತ್ರ ಪ್ರತಿ ಕಿಲೋ ಮಾತಾಡುತ್ತದೆ, ಯಾಕೆಂದರೆ ಅಲ್ಲಿ ಹೊರುವುದು ಒಂದೇ ಹೆಗಲು. ಹಳೆಯ ಮಾದರಿಯ ಉಕ್ಕಿನ ಗಟ್ಟಿ ಸೈಕಲ್ 18 ಕಿಲೋ ಮುಟ್ಟುತ್ತದೆ. ಅದರ ಬಾಳಿಕೆಗೆ ನಾನು ಕೈ ಮುಗಿಯುತ್ತೇನೆ, ಆದರೆ ಎರಡನೇ ಮಹಡಿಗೆ ದಿನವೂ ಹೊರುವವರಿಗೆ ಅದನ್ನು ಹೇಳಲಾರೆ. 13 ಕಿಲೋದೊಳಗೆ ಇರಲಿ.

ಇಲ್ಲೇ ಇನ್ನೊಂದು ತೊಡಕು. ಮೇಲಿನ ಅಡ್ಡಕೊಳವೆ ತಗ್ಗಿರುವ ಫ್ರೇಮನ್ನು ಕೆಲವರು ಹೆಂಗಸರ ಸೈಕಲ್ ಎಂದು ಪಕ್ಕಕ್ಕಿಡುತ್ತಾರೆ. ಕ್ಯಾರಿಯರ್ ತುಂಬ ಸಾಮಾನಿದ್ದಾಗ ಹಿಂದಿನಿಂದ ಕಾಲೆತ್ತಿ ಹತ್ತಲು ಹೋಗಿ ಒಮ್ಮೆ ಉರುಳಿದವರು ಯಾರೂ ಹಾಗೆ ಹೇಳುವುದಿಲ್ಲ. ನಿತ್ಯದ ಬಳಕೆಗೆ ನನ್ನ ಮೊದಲ ಆಯ್ಕೆ ಅದೇ. ಆದರೆ ಅದನ್ನು ಹೆಗಲಿಗೇರಿಸುವುದು ಕಷ್ಟ, ಹಿಡಿಯಲು ಕೊಳವೆಯೇ ಸಿಗುವುದಿಲ್ಲ. ನಿಮಗೆ ಮೆಟ್ಟಿಲು ಇರುವುದರಿಂದ ತ್ರಿಕೋನದ ಸಾದಾ ಫ್ರೇಮೇ ಇರಲಿ. ಕೆಳಗೆ ಬೀಗ ಹಾಕಿ ನಿಲ್ಲಿಸುವ ಭದ್ರ ಜಾಗ ಸಿಕ್ಕಿದರೆ ಈ ಸಾಲನ್ನು ಅಳಿಸಿಬಿಡಿ.

ಬ್ರೇಕು: ಅಲ್ಯೂಮಿನಿಯಂ ರಿಮ್ಮಿನ ಮೇಲೆ ಹಿಡಿಯುವ ವಿ-ಬ್ರೇಕ್ ಸಾಕು, ಮಳೆಯಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸಿಕೊಂಡು ಆಮೇಲೆ ಹಿಡಿಯುತ್ತದೆ. ಡಿಸ್ಕ್ ನೆಲದ ಕೆಸರಿನಿಂದ ದೂರ ಇರುವುದರಿಂದ ಮಳೆಯಲ್ಲಿ ಮೇಲು. ತಂತಿ ಎಳೆಯುವ ಡಿಸ್ಕನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದು, ಎಣ್ಣೆಯದಕ್ಕೆ ಕೆಲಸ ಬಲ್ಲವರು ಬೇಕು. ಹೊಳೆಯುವ ಉಕ್ಕಿನ ರಿಮ್ಮು ಮಾತ್ರ ಬೇಡ, ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲವೇನೋ ಎನಿಸುತ್ತದೆ.

ಮಡಚುವ ಸೈಕಲ್ ನಿಮ್ಮ ಪಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ರೈಲು, ಬಸ್ಸಿನೊಳಗೆ ಒಯ್ಯುವವರಿಗೆ ಅದು ಸರಿ. 20 ಇಂಚಿನ ಸಣ್ಣ ಚಕ್ರ ಗುಂಡಿಯೊಳಗೆ ಪೂರ್ತಿ ಇಳಿಯುತ್ತದೆ. ಬ್ಯಾಟರಿಯ ಸೈಕಲ್ ಏರಿಗೆ ಒಳ್ಳೆಯ ಉತ್ತರವೇ, ಆದರೆ ಬಹುಪಾಲು 20 ಕಿಲೋ ಮೀರುತ್ತವೆ. ಮತ್ತೆ ಮೆಟ್ಟಿಲು. ಗ್ರಾವೆಲ್ ಬೈಕ್, ಅಂದರೆ ಅಗಲ ಟೈರು ಹಿಡಿಸುವ ರೋಡ್ ಬೈಕಿನಂಥದ್ದು, ನಿಮ್ಮ ಟೈರಿಗೂ ಗೇರಿಗೂ ಹೊಂದುತ್ತದೆ, ಆದರೆ ಬಾಗಿದ ಹ್ಯಾಂಡಲ್ಲಿಗೆ ನೀವು ಹೆಚ್ಚು ಹಣ ಕೊಡುತ್ತೀರಿ. 7 ಕಿಲೋಮೀಟರಿನಲ್ಲಿ ಅದರ ಕೆಳಭಾಗವನ್ನು ಹಿಡಿಯುವ ಸಂದರ್ಭ ಬರುವುದು ಅಪರೂಪ.

ಹಾಗಾಗಿ ನಿಮ್ಮದು ಅಂಗಡಿಯ ಭಾಷೆಯಲ್ಲಿ ಹೈಬ್ರಿಡ್: ಸಾದಾ ಫೋರ್ಕ್, ನೇರ ಹ್ಯಾಂಡಲ್, 38ರಿಂದ 42ರ ಟೈರು, ತೂತುಗಳುಳ್ಳ ಫ್ರೇಮು. ಅದೇ ಹೆಸರಿನಲ್ಲಿ ಶಾಕ್ ಇರುವ ಫೋರ್ಕ್ ಹಾಕಿದವೂ ಬರುತ್ತವೆ, ಅವನ್ನು ಬಿಟ್ಟುಬಿಡಿ. ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್, ಮುಂದೆ ಬಿಳಿ ಹಿಂದೆ ಕೆಂಪು ದೀಪ, ಬೀಗ, ಪಂಪು ಇವೆಲ್ಲವನ್ನೂ ಸೈಕಲ್ಲಿನ ಖರ್ಚಿನೊಳಗೇ ಸೇರಿಸಿ ಲೆಕ್ಕ ಹಾಕಿ.

ಸರಿಯಾದ ಮಾದರಿ ತಪ್ಪು ಅಳತೆಯಲ್ಲಿದ್ದರೆ ಎಲ್ಲ ವ್ಯರ್ಥ. ಕೊಳವೆಯ ಮೇಲೆ ನಿಂತಾಗ ಎರಡು ಮೂರು ಬೆರಳಿನಷ್ಟು ಬಿಡುವು ಇರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತುಳಿಯಿರಿ. ಅತ್ಯಂತ ಕೆಳಗೆ ಬಂದಾಗ ಮಂಡಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ. ಇದು ನಿಮಗೆ ವಿಪರೀತ ಎತ್ತರವೆನಿಸುತ್ತದೆ. ಹೊಸಬರು ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ ಎಂದು ಸೀಟು ಇಳಿಸುತ್ತಾರೆ, ತಿಂಗಳಾದ ಮೇಲೆ ಮಂಡಿಯ ಮುಂಭಾಗ ನೋಯುತ್ತದೆ ಎಂದು ಬರುತ್ತಾರೆ. ಧೈರ್ಯ ಬರುವವರೆಗೆ ತಗ್ಗಿಸಿಕೊಳ್ಳಿ, ಆದರೆ ವಾರಕ್ಕೆ ಒಂದು ಸೆಂಟಿಮೀಟರಿನಂತೆ ಏರಿಸುತ್ತ ಬನ್ನಿ. ಹ್ಯಾಂಡಲ್ ಹಿಡಿದಾಗ ಮೊಣಕೈ ಸಡಿಲವಾಗಿ ಬಾಗಿರಬೇಕು, ಕೈ ಚಾಚಿ ಬಿಗಿಯಾಗಿರಬಾರದು. ನಿಧಾನವಾಗಿ ಹೋಗುತ್ತ ಹ್ಯಾಂಡಲ್ ಪೂರ್ತಿ ತಿರುಗಿಸಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆಯೇ ನೋಡಿ. ಮಡ್‌ಗಾರ್ಡ್ ಹಾಕಿದ ಮೇಲೆ ಆ ಅಂತರ ಇನ್ನೂ ಕಡಿಮೆಯಾಗುತ್ತದೆ. ಮೆತ್ತನೆಯ ಅಗಲ ಸೀಟು ಅಂಗಡಿಯ ಐದು ನಿಮಿಷಕ್ಕೆ ಹಿತ, ದಾರಿಯ ಅರ್ಧ ಗಂಟೆಗಲ್ಲ. ಕೂರುವ ಎರಡು ಮೂಳೆಗಳಿಗೆ ಆಧಾರ ಸಿಕ್ಕರೆ ಸ್ವಲ್ಪ ಗಟ್ಟಿ ಇದ್ದರೂ ವಾಸಿ.

ಹಳೆಯ ಸೈಕಲ್ ಕೊಳ್ಳುವುದಾದರೆ ಒಂದು ಅಳತೆಪಟ್ಟಿ ಜೇಬಿನಲ್ಲಿರಲಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ದಾಟಿದ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ, ಆ ಖರ್ಚನ್ನು ಹಿಡಿದು ಚೌಕಾಸಿ ಮಾಡಿ.

ಕೊಂಡ ಮೇಲೆ ರಜಾದಿನ ಬೆಳಿಗ್ಗೆ ಚೀಲ ಸಮೇತ ಪೂರ್ತಿ ದಾರಿ ಒಮ್ಮೆ ಹೋಗಿಬನ್ನಿ, ಏರಿನಲ್ಲಿ ಉಸಿರು ಕಟ್ಟಿದರೆ ಇಳಿದು ತಳ್ಳಿ. ಒಂದು ತಿಂಗಳಾದ ಕೂಡಲೇ ಅದೇ ಅಂಗಡಿಗೆ ಒಯ್ಯಿರಿ. ಹೊಸ ಬ್ರೇಕ್ ಮತ್ತು ಗೇರಿನ ತಂತಿಗಳು ಅಷ್ಟರಲ್ಲಿ ಸಡಿಲಾಗಿರುತ್ತವೆ, ಚಕ್ರದ ಕಡ್ಡಿಗಳೂ ತಮ್ಮ ಜಾಗಕ್ಕೆ ಕೂತು ಬಿಗಿ ಕಳೆದುಕೊಂಡಿರುತ್ತವೆ. ಎರಡನ್ನೂ ಆಗಲೇ ಬಿಗಿಸಿಕೊಟ್ಟರೆ ಆ ಚಕ್ರ ಬಹಳ ಕಾಲ ಡೊಂಕಾಗದೆ ಓಡುತ್ತದೆ.